ಕೇಳಸಲಿಲ್ಲ, ಇನ್ನೊಮ್ಮಿ ಓದು

ನಮ್ಮ ದೊಡ್ಡವ್ವನ ಎದುರಿಗೆ ಯಾರಾದರೂ "ಪಾಪ" ಎಂದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. "ಪಾಪ, ಗಂಡನ ಸಲುವಾಗಿ ಎಷ್ಟು ತ್ರಾಸ ಸೋಸ್ಯಾಳ" ಎಂದು ಮದುವೆಮನೆಯಲ್ಲಿ ಯಾರೋ ಒಬ್ಬರು ಶುರು ಮಾಡುವುದು, ಈಕೆ ಸಟ್ಟನೆ ತಿರುಗಿ, "ಪಾಪ ಅನಬ್ಯಾಡ್ರಿ. ನಾ ಏನ ಮಾಡೀನಿ, ಏನ ಮಾಡಿಲ್ಲ, ನಿಮಗೇನ ಗೊತ್ತೈತಿ?" ಎಂದು ಬಾಯಿ ಮುಚ್ಚಿಸುವುದು. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಉಮದಿಯ ಇಂದ್ರಾಬಾಯಿ. ಏನು ಮಾಡಿದಳು, ಏನು ಮಾಡಲಿಲ್ಲ ಎಂಬುದನ್ನು ಆಕೆ ಮುಪ್ಪಿನಲ್ಲಿ ನನಗೊಬ್ಬಳಿಗೆ ಹೇಳಿದಳು. ಕೇಳಿದಂದಿನಿಂದ ನನಗೆ ಆಕೆಯ ಗಂಡನ ಮೇಲೆ ಸಿಟ್ಟಿದೆ. ಆ ಸಿಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಆಗುವುದಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟಿದೆ.

ನಮ್ಮ ಜತ್ತ ಸಂಸ್ಥಾನ ಹೋಗಿ ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ದೊಡ್ಡವ್ವನ ಮದುವೆಯಾಯಿತು. ಆಗ ಆಕೆಗೆ ಹದಿನೆಂಟು. ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಮುಲ್ಕಿ ಎಂದರೆ ಕನ್ನಡ ಏಳನೆಯ ಇಯತ್ತೆ. ಅಷ್ಟಾದವರು ಮುಂದೆ ಎರಡು ವರ್ಷ ಟ್ರೇನಿಂಗ್ ಮುಗಿಸಿದರೆ ಸಾಲಿ ಮಾಸ್ತರರಾಗಬಹುದಿತ್ತು. ದೊಡ್ಡವ್ವನಿಗೆ ಬೇಕಾದದ್ದು ಅದೊಂದೇ. ಬೇರೆ ಹುಡುಗಿಯರು ಗೊಂಬೆಯಾಟ ಆಡುವ ವಯಸ್ಸಿನಲ್ಲಿ ಈಕೆ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಕೋಳಿಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳಂತೆ. ಮದುವೆಗೆ ಒಪ್ಪಿಕೊಳ್ಳುವಾಗಲೂ ತಾಯಿ ಭಾಗವ್ವನ ಕೈಯಿಂದ ಆಣೆ ಹಾಕಿಸಿಕೊಂಡಿದ್ದಳು: ಹುಡುಗ ತನ್ನನ್ನು ಟ್ರೇನಿಂಗಿಗೆ ಕಳಿಸಬೇಕು. ಹುಡುಗನೂ ಹೂಂ ಎಂದಿದ್ದ. ಯಾಕೆ ಅನ್ನುವುದಿಲ್ಲ? ಓದಿದವನಲ್ಲವೇ!

ಹುಡುಗ ಎಂದರೆ ಯಳವಿಯ ಮುರಗೆಪ್ಪ. ಸಾಂಗ್ಲಿಯಲ್ಲಿ ಇಂಟರ್ ಸೈನ್ಸ್‌ವರೆಗೆ ಓದಿದವರು, ಲೆಕ್ಕದಲ್ಲಿ ಭಾರಿ ಚುರುಕು, ಚೇಷ್ಟೆಯ ಮಾತಿನವರು. ಆಗ ಜತ್ತಕ್ಕೆ ದೊಡ್ಡ ವಿದ್ಯುತ್ ಲೈನಿನದೊಂದು ಕ್ಯಾಂಪ್ ಆಫೀಸು ಬಂದಿತ್ತು. ಘಟ್ಟದ ಕಡೆಯಿಂದ ಕರೆಂಟು ತಂದು ನಮ್ಮ ಬಯಲಿನ ಮೇಲೆ ಹಾಯಿಸಿ ಪೂರ್ವಕ್ಕೆ ಒಯ್ಯುವ ವಿಚಾರ ನಡೆದಿತ್ತು. ಕಂಬ ಒಂದೂ ನೆಟ್ಟಿರಲಿಲ್ಲ. ಯಾವ ದಾರಿಯಿಂದ ಒಯ್ಯಬೇಕು, ತಂತಿ ಎಷ್ಟು ದಪ್ಪವಿರಬೇಕು, ತಂತಿಯಿಂದ ತಂತಿಗೆ ಎಷ್ಟು ಅಂತರ ಬಿಡಬೇಕು, ಬರೀ ಇದೇ ಲೆಕ್ಕ. ಆ ಆಫೀಸಿನಲ್ಲಿ ಮುರಗೆಪ್ಪನವರು ಲೆಕ್ಕದ ಸಹಾಯಕರು. ಹಂಗಾಮಿ ನೌಕರಿ. ಮನೆತನದಲ್ಲೊಬ್ಬ ಸರಕಾರಿ ಮನುಷ್ಯ ಆದನೆಂದು ಯಳವಿಯವರೆಲ್ಲ ಹಿಗ್ಗಿದರು.

ಅವರಿಗೆ ಚಿಕ್ಕಂದಿನಿಂದ ಇರುಳುಗಣ್ಣಿತ್ತು. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಹಗಲಿನ ನೋಟವೂ ಸುತ್ತಲಿಂದ ಕಿರಿದಾಗುತ್ತ ಬಂತು. ಕೊಳವೆಯಲ್ಲಿ ಇಣುಕಿದ ಹಾಗೆ ನಡುವಿನಷ್ಟೇ ಕಾಣುತ್ತಿತ್ತು, ಆಮೇಲೆ ಆ ನಡುವಿನದೂ ಮಸಕಾಯಿತು. ಮಿರಜಿನಲ್ಲಿ ತೋರಿಸಿದರು. ಇದಕ್ಕೆ ಔಷಧವಿಲ್ಲ, ಇದ್ದಷ್ಟು ದಿನ ನೋಡಿಕೊಳ್ಳಿ ಎಂದರು ಡಾಕ್ಟರು. ಬರುವಾಗ ಗಾಡಿಯಲ್ಲಿ ಮುರಗೆಪ್ಪನವರು ಹೆಂಡತಿಯ ಕೈ ಹಿಡಿದು, "ಆಫೀಸಿನಾಗ ಒಂದು ಸುಳಿವು ಸಿಗಬಾರ್ದು, ಇಂದ್ರಾ. ಸಿಕ್ರ ನಾಳಿಗೇ ಯಳವಿ. ಅಣ್ಣನ ಮನ್ಯಾಗ ಕಾಳು ಆರಿಸಿಕೋತ ಕುಂದರಬೇಕಾಗ್ತೈತಿ" ಎಂದರು. ಆಕೆ ಹೂಂ ಎಂದಳು. ಆ ಒಂದು ಹೂಂ ಎಷ್ಟು ವರ್ಷ ಎಳೆಯುತ್ತದೆಂದು ಆಕೆಗೆ ಆಗ ತಿಳಿದಿರಲಿಲ್ಲ.

ಓದುವ ಕೆಲಸ ಶುರುವಾದದ್ದು ಒಂದು ಮಧ್ಯಾಹ್ನ. ಊಟಕ್ಕೆ ಬಂದವರು ಲಾಗ್ ಕೋಷ್ಟಕದ ಪುಸ್ತಕವನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂರು ಯಾವುದು, ಎಂಟು ಯಾವುದು ತಿಳಿಯಲಿಲ್ಲ. "ಇಂದ್ರಾ, ಇದನ್ನ ಸ್ವಲ್ಪ ಓದು" ಎಂದರು. ಓದಿದಳು. ಮರುದಿನ ಮತ್ತೆ ಓದಿದಳು. ಒಂದು ತಿಂಗಳಲ್ಲಿ ಅದು ಪದ್ಧತಿಯೇ ಆಯಿತು. ಆಫೀಸಿನ ಗದ್ದಲದಲ್ಲಿ ತನಗೆ ಲೆಕ್ಕ ಹತ್ತುವುದಿಲ್ಲ, ಮನೆಯಲ್ಲಿ ಮಾಡಿ ತರುತ್ತೇನೆ ಎಂದು ಸಾಹೇಬರಿಗೆ ಹೇಳಿದರು. ಸಾಹೇಬರು ಪುಣೆಯ ಕಡೆಯವರು, ಕೆಲಸವಾದರೆ ಸಾಕು ಎನ್ನುವ ಮನುಷ್ಯ, ಒಪ್ಪಿಕೊಂಡರು. ಆಫೀಸಿನ ಶಿಪಾಯಿ ಅಮಸಿದ್ದ ದಿನಾ ಹಾಳೆಗಳನ್ನು ಹಿಡಿದು ಮುರಗೆಪ್ಪನವರ ಜೊತೆ ಬರುತ್ತಿದ್ದ, ತುಸು ಮುಂದೆ ಮುಂದೆ, ಕೋಲನ್ನು ನೆಲಕ್ಕೆ ಎಳೆಯುತ್ತ. ಕುರಿ ಕಾದು ಬೆಳೆದವನು, ಕೋಲು ಎಳೆಯುವ ರೂಢಿ ಅವನದಲ್ಲ. ಆ ಸಪ್ಪಳ ಯಾರ ಸಲುವಾಗಿ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಜತ್ತದಲ್ಲಿ ಅವರದು ಪತ್ರಾಸಿನ, ಅಂದರೆ ತಗಡಿನ, ಮಾಳಿಗೆಯ ಒಂದೇ ಬಾಡಿಗೆ ಖೋಲಿ. ಬೇಸಿಗೆ ಮಧ್ಯಾಹ್ನದಲ್ಲಿ ಬಾಗಿಲು, ಕಿಡಕಿ ಎರಡನ್ನೂ ಹಾಕಿಕೊಂಡು ಕೂಡಬೇಕು, ಯಾರೂ ನೋಡಬಾರದಲ್ಲ! ಮನೆಯೊಡತಿ ಗೌರವ್ವ ಅಂಗಳದಲ್ಲಿ ಶಾವಿಗೆ ಹೊಸೆಯುತ್ತ, "ಏನವಾ ಇಂದ್ರಾಬಾಯಿ, ದಿನಾ ಹಾಡೇಹಗಲ ಬಾಗಲಾ ಹಾಕ್ಕೊಂಡು ಗಂಡಾ ಹೆಂಡತಿ ಏನ ನಡಸೀರಿ?" ಎಂದು ನಾಲ್ಕು ಜನರೆದುರು ಕೇಳಿ ನಗುತ್ತಿದ್ದಳು. ದೊಡ್ಡವ್ವ ನಾಚಿದವಳ ಹಾಗೆ ತಲೆ ತಗ್ಗಿಸಬೇಕು. ಒಳಗೆ ನಡೆಯುವುದು ಲಾಗು, ಗುಣಾಕಾರ, ಭಾಗಾಕಾರ. ಊರ ಕಣ್ಣಿಗೆ ಬಿಟ್ಟೂಬಿಡದ ದಾಂಪತ್ಯ. ಮಕ್ಕಳಾಗಲಿಲ್ಲವಾಗಿ ಆ ಚೇಷ್ಟೆಗೊಂದು ಮುಳ್ಳೂ ಇತ್ತು.

ಬರೀ ಓದಿದರೆ ತಲೆ ಕೆಡುತ್ತದೆಂದು ಆಕೆ ಕೇಳಿದಳು, ಇದೆಲ್ಲ ಏನು ಎಂದು. ಮುರಗೆಪ್ಪನವರು ಸಂತೋಷದಿಂದ ಹೇಳಿಕೊಟ್ಟರು. ಉದ್ದನೆಯ ತಂತಿಗೆ ಎರಡು ಹಟಗಳಿವೆ. ಹರಿಯುವ ಕರೆಂಟು ಏರಬೇಕೆಂದರೆ ತಂತಿ ಒಲ್ಲೆ ಎನ್ನುತ್ತದೆ, ಇಳಿಯಬೇಕೆಂದರೂ ಒಲ್ಲೆ ಎನ್ನುತ್ತದೆ, ಹೇರು ತುಂಬಿದ ಚಕ್ಕಡಿಯನ್ನು ಹೊರಡಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ ಎಂಬ ಹಾಗೆ. ಇದು ಇಂಡಕ್ಟನ್ಸ್. ಇನ್ನೊಂದು ಹಟ ಕೆಪ್ಯಾಸಿಟನ್ಸ್. ಹೊಸ ಗಡಿಗೆ ಮೊದಲು ತಾನೇ ನೀರು ಕುಡಿಯುತ್ತದಲ್ಲ, ಹಾಗೆ ಊರಿಗೆ ಕರೆಂಟು ಮುಟ್ಟಿಸುವ ಮೊದಲು ತಂತಿಗಳು ತಮ್ಮ ನಡುವಿನ ಗಾಳಿಯಲ್ಲಿ ಒಂದಿಷ್ಟು ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಚೆ ತುದಿಯಲ್ಲಿ ಒಂದು ದೀಪವೂ ಹತ್ತದಿದ್ದರೂ ಹಿಡಿದಿಟ್ಟುಕೊಳ್ಳುತ್ತವೆ. ಮೈಲಿ ಮೈಲಿಗೆ ಇವೆರಡೂ ಎಷ್ಟೆಷ್ಟು ಎಂದು ಮೊದಲೇ ಲೆಕ್ಕ ಹಾಕದೆ ಲೈನು ಎಳೆಯಲಾಗದು.

ಲೆಕ್ಕವೇನೋ ಸಣ್ಣದೇ. ತಂತಿಗಳ ನಡುವಿನ ಅಂತರವನ್ನು ತಂತಿಯ ತ್ರಿಜ್ಯದಿಂದ ಭಾಗಿಸಬೇಕು. ಬಂದ ಸಂಖ್ಯೆಗೆ ಕೋಷ್ಟಕದಲ್ಲಿ ಲಾಗ್ ನೋಡಬೇಕು. ಆ ಲಾಗನ್ನು ಒಂದು ಗೊತ್ತಾದ ಅಂಕಿಯಿಂದ ಗುಣಿಸಿದರೆ ಇಂಡಕ್ಟನ್ಸ್ ಬರುತ್ತದೆ. ಇನ್ನೊಂದು ಗೊತ್ತಾದ ಅಂಕಿಯನ್ನು ಅದೇ ಲಾಗಿನಿಂದ ಭಾಗಿಸಿದರೆ ಕೆಪ್ಯಾಸಿಟನ್ಸ್ ಬರುತ್ತದೆ. ತಂತಿಯ ಒಡಲೊಳಗಿನದು ಎಂದು ಚೂರು ಇಂಡಕ್ಟನ್ಸನ್ನು ಕಟ್ಟಕಡೆಗೆ ಕೂಡಿಸುವುದು. ಅದನ್ನು ಕೂಡಿಸುವ ಮೊದಲು ಎರಡೂ ಉತ್ತರಗಳನ್ನು ಒಂದಕ್ಕೊಂದು ಗುಣಿಸಿ ನೋಡಿದರೆ ಯಾವಾಗಲೂ ಒಂದೇ ಸಂಖ್ಯೆ ಬರಬೇಕು. ಅಂತರ ಹೆಚ್ಚು ಮಾಡಿದರೆ ಒಂದು ಏರುತ್ತದೆ, ಅಷ್ಟೇ ಪಾಲು ಇನ್ನೊಂದು ಇಳಿಯುತ್ತದೆ. ಗುಣಲಬ್ಧ ಜಗ್ಗುವುದಿಲ್ಲ.

"ಆ ಗುಣಾಕಾರದಾಗ ಬೆಳಕಿನ ವೇಗ ಕುಂತೈತಿ ನೋಡು" ಎಂದರಂತೆ ಮುರಗೆಪ್ಪನವರು ಒಮ್ಮೆ. "ನನ್ನ ಕಣ್ಣಾಗಿಂದ ಹೋಗಿ ಅಲ್ಲಿ ಕುಂತೈತಿ."

ಆ ಪರೀಕ್ಷೆಯಲ್ಲೂ ಒಂದು ತೂತಿತ್ತು. ಮೊದಮೊದಲ ದಿನಗಳಲ್ಲಿ ದೊಡ್ಡವ್ವ ಒಂದು ಸಾಲು ಕೆಳಗಿನ ಲಾಗನ್ನು ಓದಿಬಿಟ್ಟಿದ್ದಳು. ಮುಸುರೆ ತಿಕ್ಕುವಾಗ ಅದು ಹೊಳೆಯಿತು. ಮರುದಿನ ತೆಗೆದು ನೋಡಿದರೆ ಲಾಗ್ ತಪ್ಪು, ಎರಡೂ ಉತ್ತರ ತಪ್ಪು, ಗುಣಾಕಾರ ಮಾತ್ರ ಸರಿ! ಮುರಗೆಪ್ಪನವರು ಬಿಡಿಸಿ ಹೇಳಿದರು: "ಮೂಲದಾಗ ತಪ್ಪಿದ್ರ ಗುಣಾಕಾರಕ್ಕ ಗೊತ್ತಾಗೂದಿಲ್ಲ. ಲಾಗ್ ಎಷ್ಟು ಏರಿಸಿ ಓದ್ತಿ, ಒಂದು ಅಷ್ಟು ಏರತೈತಿ, ಒಂದು ಅಷ್ಟು ಇಳೀತೈತಿ. ಅದಕ್ಕ ಲಾಗ್ ಓದೂವಾಗ ಧ್ಯಾನ ಇರಲಿ." ಅಂದಿನಿಂದ ಆಕೆ ಬೆರಳಿಟ್ಟು ಓದತೊಡಗಿದಳು. ಆದರೂ ನಡುನಡುವೆ ಮುರಗೆಪ್ಪನವರು, "ಕೇಳಸಲಿಲ್ಲ, ಇನ್ನೊಮ್ಮಿ ಓದು" ಎನ್ನುತ್ತಿದ್ದರು. ಮೊದಲ ವರ್ಷ ಇರಲಿಲ್ಲ, ಆಮೇಲೆ ಶುರುವಾಯಿತು. "ಕಣ್ಣಿನ ಜೋಡಿ ಕಿವೀನೂ ಹೊಂಟಾವೇನ್ರಿ?" ಎಂದು ಈಕೆ ಚೇಷ್ಟೆ ಮಾಡುತ್ತ ಮತ್ತೊಮ್ಮೆ ಓದುವಳು. ಅವರು ನಗುವರು.

ಅವರು ಹೇಳಿದ ಅಂಕಿಗಳನ್ನು ಹಾಳೆಗೆ ಇಳಿಸುವವಳು ಈಕೆ, ಕೆಳಗೆ ಮುರಗೆಪ್ಪನವರ ಹೆಸರನ್ನೂ ಈಕೆಯೇ ಬರೆಯುತ್ತಿದ್ದಳು. ಗಂಡನ ಹೆಸರನ್ನು ಬಾಯಿಂದ ಹೇಳಬಾರದು, ಒಡಪಿನ ಪದ್ಯದಲ್ಲಿ ಹೆಣೆದೇ ಹೇಳಬೇಕು ಎನ್ನುವ ಊರಿನವಳು ದಿನಾ ಕೈಯಿಂದ ಆ ಹೆಸರನ್ನು ತೀಡುತ್ತಿದ್ದಳು. "ಒಂದು ಹೆಸರೂ ನಂದಲ್ಲ, ಒಂದು ಅಂಕೀನೂ ನಂದಲ್ಲ. ಕೈಯೊಂದು ನಂದಿತ್ತು" ಎಂದಳು ನನಗೆ.

ನಾಗರ ಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಜೋಕಾಲಿ ಕಟ್ಟಿರುತ್ತಾರೆ, ಉಂಡಿ ಕಟ್ಟಿರುತ್ತಾರೆ. ದೊಡ್ಡವ್ವನನ್ನು ಕರೆಯಲು ಉಮದಿಯಿಂದ ಅಣ್ಣ ಬರುವನು, ಆಕೆ ಏನೋ ನೆಪ ಹೇಳಿ ಕಳಿಸುವಳು. ಒಂದು ವರ್ಷ ಹೀಗಾಯಿತು, ಇನ್ನೊಂದು ವರ್ಷವೂ ಆಯಿತು. ಆಮೇಲೆ ಕರೆಯಲು ಬರುವುದೇ ನಿಂತಿತು. ನನ್ನ ಅವ್ವನೇ ಓಣಿಯಲ್ಲಿ, "ನಮ್ಮಕ್ಕ ಗಂಡನ್ನ ಬಿಟ್ಟು ಒಂದು ಹೊತ್ತು ಇರೂದಿಲ್ಲ" ಎಂದು ಹೇಳಿಕೊಂಡು ನಕ್ಕವಳು. ಅವ್ವನಿಗೇನು ಗೊತ್ತು? ಪಂಚಮಿಯ ದಿನ ದೊಡ್ಡವ್ವ ಮುಚ್ಚಿದ ಕಿಡಕಿಯ ಹಿಂದೆ ಕುಳಿತು, ಹೊರಗೆ ಜೋಕಾಲಿಯ ಹಗ್ಗ ಕಿರುಗುಟ್ಟುವುದನ್ನು ಕೇಳುತ್ತ ಲಾಗ್ ಓದುತ್ತಿದ್ದಳು. ಉಸಿರು ಕಟ್ಟುತ್ತಿತ್ತಂತೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದವಳು ತಾನೇ, ತೆಗೆದರೆ ಯಾರೂ ಬೇಡವೆನ್ನುವವರಿಲ್ಲ, ತೆಗೆಯಲು ಮಾತ್ರ ಬರುವುದಿಲ್ಲ. ಅದಕ್ಕಿಂತ ಕೆಟ್ಟ ಬಂದೀಖಾನೆ ನಾನು ಕೇಳಿಲ್ಲ.

ಟ್ರೇನಿಂಗಿನ ಮಾತನ್ನು ಆಕೆ ಬಿಟ್ಟಿರಲಿಲ್ಲ. ಜತ್ತದ ಕನ್ನಡ ಹೆಣ್ಣುಮಕ್ಕಳ ಸಾಲಿಯ ದೊಡ್ಡ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಶಿವಲಿಂಗವ್ವನವರು ಆಕೆಯ ಬೆನ್ನು ಹತ್ತಿದ್ದರು. ಎರಡು ಸಲ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಜಾಗ ಕೊಡಿಸಿದ್ದರು. ಮೊದಲ ಸಲ ಮುರಗೆಪ್ಪನವರು, "ಈ ಅಂದಾಜು ಒಂದು ಮುಗೀಲಿ" ಎಂದರು. ಎರಡನೆಯ ಸಲ ದಾರಿ ಬದಲಾಯಿತು, ವಳಸಂಗದ ಮಗ್ಗುಲಿನಿಂದ ಲೈನು ಒಯ್ಯಬೇಕೆಂದು ಎಲ್ಲ ಲೆಕ್ಕ ಹೊಸದಾಗಿ ಬಂತು. "ಮುಂದಿನ ವರ್ಷ ನಕ್ಕೀ" ಎಂದರು. ಮೂರನೆಯ ಸಲ, ಐವತ್ತಾರರ ಬೇಸಿಗೆಯಲ್ಲಿ, ಶಿವಲಿಂಗವ್ವನವರು ಮನೆಗೇ ಬಂದರು.

"ಇಪ್ಪತ್ತೈದು ತುಂಬಿದ ಮ್ಯಾಲ ತಗೊಳ್ಳೂದಿಲ್ಲ. ನಿನಗ ಶ್ರಾವಣಕ್ಕ ತುಂಬತೈತಿ" ಎಂದರು. "ಅದೂ ಅಲ್ದ ರಾಜ್ಯ ಒಡದು ಬ್ಯಾರೆ ಮಾಡ್ತಾರಂತ. ಧಾರವಾಡ ಅತ್ತ, ಜತ್ತ ಇತ್ತ. ಇದು ಕಡೀ ಗಾಡಿ, ಇಂದ್ರಾಬಾಯಿ. ಸೋಮವಾರ ಮುಂಜಾನಿ ಬಸ್ಸಿಗೆ ನೀ ಹೋಗಲಿಲ್ಲಂದ್ರ ನಾ ಮತ್ತ ನಿನ್ನ ಮನಿ ಹೊಸ್ತಲ ತುಳಿಯೂದಿಲ್ಲ."

ಮುರಗೆಪ್ಪನವರು ಅಲ್ಲಿಯೇ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡರು. ಬಾಯಿಯವರು ಹೋದ ಮೇಲೆ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮುಖವನ್ನು ಮಾತ್ರ ಗೋಡೆಯ ಕಡೆ ಮಾಡಿದರು. ದೊಡ್ಡವ್ವನಿಗೆ ಆ ಹೊತ್ತು ಹುಟ್ಟಿದ ಸಿಟ್ಟನ್ನು ಆಕೆಯ ಬಾಯಿಂದಲೇ ಕೇಳಬೇಕು. ಮೂರು ತಂತಿಗಳನ್ನು ಒಂದೇ ಮಟ್ಟದಲ್ಲಿ ಸಾಲಾಗಿ ಕಟ್ಟಿದರೆ ನಡುವಿನ ತಂತಿಯ ಪಾಡು ಬೇರೆ, ಎರಡೂ ಕಡೆಯ ಕಾಟ ಅದಕ್ಕೇ ಹೆಚ್ಚು. ಅದಕ್ಕಾಗಿ ಕೆಲವು ಮೈಲಿಗೊಮ್ಮೆ ಮೂರೂ ತಂತಿಗಳ ಜಾಗ ಬದಲಿಸುತ್ತಾರೆ, ಪ್ರತಿಯೊಂದೂ ತನ್ನ ಪಾಳಿಗೆ ನಡುವೆ ಬಂದು ಹೋಗಲಿ ಎಂದು. "ತಂತಿಗೂ ಪಾಳಿ ಹಚ್ಚ್ಯಾರ. ನನ್ನ ಪಾಳಿ ಯಾವಾಗ ಬದಲಾಗತಿತ್ತು ಹೇಳು?" ಎಂದಳು ಆಕೆ. ಅದನ್ನು ಹೇಳುವಾಗ ಆಕೆಗೆ ಎಪ್ಪತ್ತು ದಾಟಿತ್ತು, ಧ್ವನಿಯಲ್ಲಿ ಆ ಉರಿ ಹಾಗೆಯೇ ಇತ್ತು.

ನಾನು ಹೋಗುತ್ತೇನೆ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಆಕೆಗೆ ಬರಲಿಲ್ಲ. ಕುರುಡ ಗಂಡನನ್ನು ಬಿಟ್ಟು ಹೋದವಳು ಎನಿಸಿಕೊಂಡು ಉಮದಿಯಲ್ಲಿ ಹೇಗೆ ತಿರುಗಾಡುವುದು? ಅದಕ್ಕಾಗಿ ಒಂದು ಹೂಟ ಹೂಡಿದಳು. ಒಂದು ಲಾಗನ್ನು ಬೇಕೆಂದೇ ತಪ್ಪಾಗಿ ಓದುವುದು. ಗುಣಾಕಾರದಲ್ಲಿ ಅದು ಸಿಕ್ಕುವುದಿಲ್ಲ, ಮುರಗೆಪ್ಪನವರಿಗೆ ಗೊತ್ತಾಗುವುದಿಲ್ಲ. ಈ ಹಾಳೆಗಳನ್ನು ಸಾಹೇಬರು ತಾವೇ ಇನ್ನೊಮ್ಮೆ ಹಾಕಿ ನೋಡುವವರಿದ್ದರು. ತಪ್ಪು ಕಂಡೊಡನೆ ಇವರನ್ನು ಕರೆದು, ಇದೇನಿದು ಓದಿ ನೋಡಿರಿ ಎಂದು ಹಾಳೆಯನ್ನು ಮುಂದೆ ಹಿಡಿಯುತ್ತಾರೆ. ಇವರಿಗೆ ಓದಲಾಗುವುದಿಲ್ಲ. ಅಲ್ಲಿಗೆ ಮುಗಿಯಿತು. ನೌಕರಿ ಹೋಗುತ್ತದೆ, ಯಳವಿಗೆ ಅಣ್ಣನ ಮನೆಗೆ ಹೋಗುತ್ತಾರೆ, ಓದುವವಳ ಅಗತ್ಯವೇ ತೀರುತ್ತದೆ. ನೆಟ್ಟ ಕಂಬವೊಂದಿಲ್ಲ, ಯಾರ ಜೀವಕ್ಕೂ ಅಪಾಯವಿಲ್ಲ. ಹೂಟ ಕೆಟ್ಟದ್ದೇ. ಒಪ್ಪುತ್ತೇನೆ. ಆದರೆ ನಾಲ್ಕೈದು ಬೇಸಿಗೆ ಪತ್ರಾಸಿನ ಕೆಳಗೆ ಬಾಗಿಲು ಹಾಕಿಕೊಂಡು ಕೂತು ಬಂದವರು ಆಮೇಲೆ ಆಕೆಯ ನ್ಯಾಯ ಮಾಡಲಿ.

ಶುಕ್ರವಾರ ಮಧ್ಯಾಹ್ನ ಕುಳಿತರು. ಅಂತರವನ್ನು ತ್ರಿಜ್ಯದಿಂದ ಭಾಗಿಸಿದಾಗ ಆರುನೂರಾ ಮೂವತ್ತು ಬಂತು.

"ಆರುನೂರಾ ಮೂವತ್ತರ ಲಾಗ್ ನೋಡು" ಎಂದರು ಮುರಗೆಪ್ಪನವರು.

ಪುಸ್ತಕದಲ್ಲಿ ಏಳು ಒಂಬತ್ತು ಒಂಬತ್ತು ಮೂರು ಎಂದಿತ್ತು. ದೊಡ್ಡವ್ವ ಬೆರಳನ್ನು ಅದರ ಮೇಲೆಯೇ ಇಟ್ಟು, "ಎರಡು ಪಾಯಿಂಟ್ ಏಳು, ಒಂಬತ್ತು, ಆರು, ಮೂರು" ಎಂದು ಓದಿದಳು.

ಅಂಗಳದಲ್ಲಿ ಗೌರವ್ವ ಯಾರನ್ನೋ ಬೈಯುತ್ತಿದ್ದಳು. ಆಮೇಲೆ ಮುರಗೆಪ್ಪನವರು ಮೆಲ್ಲಗೆ, "ಆರಲ್ಲ, ಇಂದ್ರಾ. ಒಂಬತ್ತು. ಏಳು ಒಂಬತ್ತು ಒಂಬತ್ತು ಮೂರು" ಎಂದರು.

ಆಕೆ ಪುಸ್ತಕವನ್ನು ಮುಚ್ಚಿದಳು. "ಆರುನೂರಾ ನಲವತ್ತು?" ಎಂದಳು.

"ಎಂಟು ಸೊನ್ನಿ ಆರು ಎರಡು."

"ಐನೂರಾ ಎಂಬತ್ತು?"

"ಏಳು ಆರು ಮೂರು ನಾಕು."

ಇನ್ನೂ ಕೇಳಿದಳು, ಸಿಕ್ಕ ಸಿಕ್ಕದ್ದನ್ನು ಕೇಳಿದಳು. ಕೇಳಿದ್ದಕ್ಕೆಲ್ಲ ಉತ್ತರ ಬಂತು, ಮಗ್ಗಿ ಒಪ್ಪಿಸಿದ ಹಾಗೆ. ಕೊನೆಗೆ ಆಕೆ ಪುಸ್ತಕವನ್ನು ಬದಿಗೆ ಸರಿಸಿದಳು. "ಯಾವಾಗಿನಿಂದ ಬಾಯಿಪಾಠ ಐತ್ರಿ?"

"ಭಾಳ ದಿನಾ ಆತು. ನಿನ್ನ ಬಾಯಿಂದ ಕೇಳಿ ಕೇಳಿ ಬಂತು."

"ಮತ್ತ ನನ್ನ ಯಾಕ ಕುಂದರಿಸಿಕೊಂಡ್ರಿ? ಬರಿಯಾಕ ಯಾರರ ಸಿಗತಿದ್ರು. ಅಮಸಿದ್ದನ ಮುಂದ ಹೇಳಿದ್ರ ಒಬ್ಬ ಕಾರಕೂನನ್ನ ಗುಟ್ಟಾಗಿ ಕರ್ಕೊಂಡು ಬರ್ತಿದ್ದ. ನನ್ನ ಪಂಚಮಿ, ನನ್ನ ಟ್ರೇನಿಂಗ್, ನನ್ನ ಇಷ್ಟು ವರ್ಷ..."

ಮುರಗೆಪ್ಪನವರು ಅಂಗೈಯಿಂದ ಚಾಪೆಯನ್ನು ಸವರುತ್ತ ಕುಳಿತರು. "ನೀ ಮಗ್ಗಲಕ ಕುಂತು ಓದೂತನಕ ನಾ ಬರೇ ಕಣ್ಣು ಮಂದಾದಾಂವ" ಎಂದರು. "ನೀ ಓದೂದು ಬಿಟ್ಟ ದಿವಸ ನಾ ಕುರುಡ. ಅಷ್ಟ."

ಇದನ್ನು ಕೇಳಿ ಕರಗುವವರು ಕರಗಲಿ. ದೊಡ್ಡವ್ವ ಕರಗಲಿಲ್ಲ. ಆಕೆ ಎದ್ದು ಚಿಲಕ ತೆಗೆದು ಬಾಗಿಲನ್ನು ಗೋಡೆಗೆ ಬಡಿಯುವಂತೆ ನೂಕಿದಳು. ಬಿಸಿಲು ಒಳಗೆ ಬಿತ್ತು. ಗೌರವ್ವ ಅಂಗಳದಿಂದ ಕತ್ತು ಚಾಚಿ ನೋಡಿದಳು, ಹಾಳೆ, ಪುಸ್ತಕ, ಮಸಿಯ ದವತಿ ಎಲ್ಲವನ್ನೂ ನೋಡಿದಳು, ಮೊದಲ ಬಾರಿಗೆ ಆಕೆಯ ಬಾಯಿಂದ ಚೇಷ್ಟೆ ಹೊರಡಲಿಲ್ಲ. ಅವತ್ತಿನ ಹಾಳೆ ಅರ್ಧಕ್ಕೇ ಉಳಿಯಿತು.

ಶನಿವಾರ, ರವಿವಾರ ಗಂಡಹೆಂಡಿರ ನಡುವೆ ಮಾತಿಲ್ಲ. ದೊಡ್ಡವ್ವ ರೊಟ್ಟಿ ಬಡಿದು ಮುಂದಿಟ್ಟಳು, ಮುರಗೆಪ್ಪನವರು ತಡವಿ ಉಂಡರು. ತಾಟಿನಲ್ಲಿ ಪಲ್ಯ ಎಲ್ಲಿದೆ ಎಂದು ದಿನಾ ಹೇಳುತ್ತಿದ್ದವಳು ಹೇಳಲಿಲ್ಲ. ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದ ಹಗ್ಗವೇ ಸುಳ್ಳೆಂದು ಗೊತ್ತಾದ ಮೇಲೆ ಮೈಮೇಲಿನ ಗಾಯ ಇನ್ನೂ ಉರಿಯುತ್ತದಲ್ಲ, ಹಾಗೆ ಉರಿಯುತ್ತಿದ್ದಳು. ಟ್ರಂಕು ತುಂಬಿದಳು. ಸೋಮವಾರ ಮುಂಜಾನೆ ಅಮಸಿದ್ದ ತಾನಾಗಿಯೇ ಬಂದು ಟ್ರಂಕನ್ನು ಹೆಗಲಿಗೆ ಏರಿಸಿದ. "ಯಾರು ಕಳಸಿದ್ರೋ?" ಎಂದರೆ, "ನಿಮ್ಮ ಯಜಮಾನ್ರು ನಿನ್ನೇನ ಹೇಳಿದ್ರಿ, ಇಂದ್ರಾಬಾಯಾರ ಟ್ರಂಕ್ ಭಾರ ಇರತೈತಿ ಬಾ ಅಂತ" ಎಂದ. ದೊಡ್ಡವ್ವ ಅದಕ್ಕೂ ಕರಗಲಿಲ್ಲ. ಊರು ಬಿಡುವಾಗ ಗಂಡನ ಕಾಲು ಮುಟ್ಟಿ ನಮಸ್ಕಾರ ಮಾಡುವ ಪದ್ಧತಿ. ಮಾಡಲಿಲ್ಲ. "ಹೋಗ್ತೀನಿ" ಎಂದಷ್ಟೇ ಅಂದಳು. ಹೋಗಿ ಬರ್ತೀನಿ ಎನ್ನಲಿಲ್ಲ.

ಅವರು ಬಾಗಿಲ ತೋಳು ಹಿಡಿದು ನಿಂತಿದ್ದರು. "ಹುಷಾರಿ" ಎಂದರು.

ಧಾರವಾಡಕ್ಕೆ ವಿಜಾಪುರದ ಮೇಲೆ ಹೋಗಬೇಕು, ಆ ಬಸ್ಸು ಉಮದಿಯ ಮೇಲೆ ಹಾಯುತ್ತದೆ. ಸುದ್ದಿ ಮೊದಲೇ ಹೋ‌ಗಿದ್ದರಿಂದ ಅಲ್ಲಿ ನಮ್ಮ ಅಜ್ಜಿ ಭಾಗವ್ವ ಬುತ್ತಿಗಂಟು ಹಿಡಿದು ನಿಂತಿದ್ದಳು. ಬಸ್ಸಿನವರು ಇಳಿದು ಚಹಾಕ್ಕೆ ಹೋದರು. ಅಜ್ಜಿ ಕಿಡಕಿಯ ಕೆಳಗೆ ನಿಂತು ಮಗಳ ಕೈಗೆ ಗಂಟು ಕೊಟ್ಟು, ಮೊದಲು ಒಂದಿಷ್ಟು ಅತ್ತು, ಆಮೇಲೆ ಅಳಿಯನನ್ನು ವಿಚಾರಿಸಿದಳು. ದೊಡ್ಡವ್ವ ಕಹಿಯಾಗಿ, "ಅವರಿಗೇನಾಗೈತಿ? ಕಣ್ಣು ಇಲ್ಲ, ಕಿವಿ ಇಲ್ಲ, ಉಳದದ್ದೆಲ್ಲಾ ಚಲೋ ಐತಿ" ಎಂದಳು.

"ಕಿವಿ ಇಲ್ಲ?" ಅಜ್ಜಿ ಕಣ್ಣೀರು ಒರೆಸಿಕೊಳ್ಳುವುದನ್ನು ಬಿಟ್ಟು ನೋಡಿದಳು. "ಏನ ಹೇಳ್ತಿ ಇಂದ್ರಾ? ಸಂಕ್ರಮಣಕ್ಕ ಒಂದು ದಿವಸ ಬಂದಿದ್ರೆಲ್ಲ ಇಬ್ಬರೂ, ಹಿತ್ತಲ ಗ್ವಾಡಿ ಆಚಿಕ ನಿಂತು ನಾ ನಿಮ್ಮಣ್ಣನ ಕಿವ್ಯಾಗ ಹೇಳಿದ್ದೆ, ಅಳಿಯಾಗ ಕಾಣೂದಿಲ್ಲ ಅಂತ ಕಾಣತೈತಿ ಅಂತ. ಪಡಸಾಲ್ಯಾಗ ಕುಂತಾಂವ ಅದನ್ನ ಕೇಳಸಿಕೊಂಡು, 'ಅತ್ತಿ, ಇಂದ್ರಾನ ಮುಂದ ಅನಬ್ಯಾಡ್ರಿ, ಆಕಿ ನೊಂದ್ಕೋತಾಳ' ಅಂದಾ. ಇರಿವಿ ಹರದ್ರೂ ಕೇಳಸತೈತಿ ಆತಗ."

ದೊಡ್ಡವ್ವನಿಗೆ ಆಗ ತಿಳಿಯಿತು. ಹೌದಲ್ಲ! ಅಮಸಿದ್ದನ ಕೋಲಿನ ಸಪ್ಪಳವನ್ನೇ ಹಿಡಿದು ನಡೆಯುವ ಮನುಷ್ಯ. ಸಾಹೇಬರ ಬೂಟಿನ ಸದ್ದನ್ನು ಓಣಿಯ ಆಚೆ ತುದಿಯಿಂದ ಹೇಳುವ ಮನುಷ್ಯ. ಅಂಥವರಿಗೆ ಮಗ್ಗುಲಲ್ಲಿ ಕುಳಿತು ಓದಿದ್ದು ಮಾತ್ರ ಕೇಳಿಸುತ್ತಿರಲಿಲ್ಲವೇ? ಅವರು "ಕೇಳಸಲಿಲ್ಲ, ಇನ್ನೊಮ್ಮಿ ಓದು" ಎಂದಾಗಲೆಲ್ಲ ತಾನು ತಪ್ಪಾಗಿ ಓದಿದ್ದಳು. ತಪ್ಪು ಎನ್ನುವ ಬದಲು ಅವರು ತಮ್ಮ ಕಿವಿಯ ಮೇಲೆ ಹಾಕಿಕೊಂಡಿದ್ದರು. ಹಾಗೆ ಹೇಳಿ ಹೇಳಿಯೇ ಬಾಯಿಪಾಠವನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದರು. ಶುಕ್ರವಾರವೂ ಹಾಗೆಯೇ ಅನ್ನಬಹುದಿತ್ತು. ಅಂದಿದ್ದರೆ ತಾನು ಹೆದರಿ, ಸರಿಯಾಗಿ ಓದಿ, ಸುಮ್ಮನೆ ಕೂತುಬಿಡುತ್ತಿದ್ದಳು, ಅದು ಅವರಿಗೆ ಗೊತ್ತು. ಸೋಮವಾರದ ಬಸ್ಸು ಹೋಗಿಬಿಡುತ್ತಿತ್ತು, ಶ್ರಾವಣ ಬಂದುಬಿಡುತ್ತಿತ್ತು. ಅವತ್ತು ಮಾತ್ರ ಅವರು ಹಾಗೆ ಅನ್ನಲಿಲ್ಲ.

ಟ್ರಂಕು ಮೇಲೆಯೇ ಇತ್ತು, ಇಳಿಸಿರಿ ಎಂದರೆ ಇಳಿಸುತ್ತಿದ್ದರು. ಸಂಜೆಯ ಬಸ್ಸಿಗೆ ಜತ್ತಕ್ಕೆ ಹಿಂತಿರುಗಬಹುದಿತ್ತು. ಅಜ್ಜಿ ಕೆಳಗಿನಿಂದ, "ಯಾಕ, ಮಾರಿ ಸಣ್ಣ ಮಾಡಿದಿ?" ಎಂದು ಕೇಳುತ್ತಲೇ ಇದ್ದಳು. ಡ್ರೈವರ್ ಬಂದು ಕುಳಿತ. ದೊಡ್ಡವ್ವ ಎರಡೂ ಕೈಯಿಂದ ಬುತ್ತಿಗಂಟನ್ನು ಒತ್ತಿ ಹಿಡಿದುಕೊಂಡು ಕುಳಿತೇ ಇದ್ದಳು. ಬಸ್ಸು ಬಿಟ್ಟಿತು.

"ಇಳೀಲಿಲ್ಲ ನೋಡು" ಎಂದಳು ನನಗೆ. "ಇಳದಿದ್ರ, ಅವರು ತೆಗದ ಬಾಗಲಾ ನಾನ ಹೋಗಿ ಹಾಕಿದಂಗ ಆಗತಿತ್ತು. ಆದ್ರ ಕಾಲ ಮುಟ್ಟಿ ಬರಲಿಲ್ಲಲ್ಲ, ಅದು ಇನ್ನೂ ಕೊರೀತೈತಿ."

ಮುರಗೆಪ್ಪನವರ ನೌಕರಿ ಆ ತಿಂಗಳಲ್ಲೇ ಹೋಯಿತು. ಅವರೇ ಸಾಹೇಬರ ಮುಂದೆ ಹೋಗಿ ಹೇಳಿದರಂತೆ. ಲೈನು ಕೊನೆಗೆ ಜತ್ತದ ಮೇಲೆ ಬರಲೇ ಇಲ್ಲ, ಬೇರೆ ದಾರಿ ಹಿಡಿಯಿತು, ಅಷ್ಟೂ ಲೆಕ್ಕ ಯಾವುದೋ ಕಪಾಟಿನಲ್ಲಿ ಧೂಳು ತಿಂದಿರಬೇಕು. ಅವರು ಎರಡು ವರ್ಷ ಯಳವಿಯಲ್ಲಿ ಅಣ್ಣನ ಮನೆಯಲ್ಲಿ, ತಾವು ಹೆದರಿದ್ದ ಹಾಗೆಯೇ, ಕಾಳು ಆರಿಸುತ್ತ ಕಳೆದರು. ದೊಡ್ಡವ್ವನಿಗೆ ವಳಸಂಗದ ಸಾಲಿಯಲ್ಲಿ ಜಾಗ ಸಿಕ್ಕ ಮೇಲೆ ಹೋಗಿ ಕರೆತಂದಳು. ಮೊದಲು ಕಾಲು ಮುಟ್ಟಿದಳಂತೆ. ಅವರು, "ಯಾರವಾ?" ಎಂದು ಗೊತ್ತಿದ್ದೂ ಕೇಳಿದರಂತೆ. ಆಮೇಲೆ ಮೂವತ್ತು ವರ್ಷ ಕೂಡಿ ಬಾಳಿದರು. ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ನಾಯಿ, ಕೋಳಿ, ಸಾಲಿಯ ಮಕ್ಕಳು ಎಲ್ಲ ಒಳಗೆ ಬರುತ್ತಿದ್ದರು.

ನಾನು ಬಿಡಲಿಲ್ಲ. "ಬೇಕಂತನ ಅಂದ್ರೋ ಏನು ಬಾಯಿ ಜಾರಿ ಬಂತೋ, ನೀ ಒಮ್ಮೆಯಾದ್ರೂ ಕೇಳಲಿಲ್ಲೇನು ದೊಡ್ಡವ್ವ?" ಎಂದೆ.

"ಕೇಳಿದ್ದೆ. ಒಮ್ಮಿ ವಳಸಂಗದಾಗ, ಇಬ್ಬರ ಕುಂತಾಗ. ಅವತ್ತು ಶುಕ್ರವಾರ ಆರಲ್ಲ ಒಂಬತ್ತು ಅಂದಿರೆಲ್ಲ, ಗೊತ್ತಿದ್ದ ಅಂದಿರೇನ್ರಿ, ಅಂತ ಕೇಳಿದೆ."

"ಏನಂದ್ರು?"

"ಕೇಳಸಲಿಲ್ಲ, ಇನ್ನೊಮ್ಮಿ ಹೇಳು ಅಂದ್ರು."